ಲ್ಯಾಪ್‌ಟಾಪಿಗೆ ಬೈಂಡು, ಹೂವು, ಅಕ್ಷತೆ

ಚೆಂಬೂರಿನ ನಮ್ಮ ಮನೆಯಲ್ಲಿ ವಾರಕ್ಕೊಂದು ಇಂಥದ್ದು ಆಗದಿದ್ದರೆ ಏನೋ ಮರೆತಂತಾಗುತ್ತದೆ. ಆರನೇ ಕ್ಲಾಸಿನ ಮೊಮ್ಮಗಳ ಶಾಲೆಯವರು ಈ ವರ್ಷ ಪುಸ್ತಕಗಳನ್ನೇ ನಿಲ್ಲಿಸಿ ಲ್ಯಾಪ್‌ಟಾಪ್ ಕೊಟ್ಟರು. ಪಾಠ, ಪರೀಕ್ಷೆ, ಹೋಂವರ್ಕ್ ಎಲ್ಲ ಅದರೊಳಗೇ. ಅದಕ್ಕೇನಾದರೂ ಆದರೆ ಹುಡುಗಿಯ ವರ್ಷ ಹೋದಂತೆ. ನಾನೂ ತಕ್ಕ ಎಚ್ಚರದಿಂದಲೇ ಇದ್ದೆ.

೧. ಬೈಂಡು

ನಾನು ಹಳ್ಳಿಯ ಶಾಲೆಯಲ್ಲಿ ಕಲಿತವನು. ಹೊಸ ಪುಸ್ತಕ ಬಂದ ದಿನವೇ ಬೈಂಡು ಹಾಕಬೇಕು. ಖಾಕಿ ಕಾಗದ ತಂದು, ಮೂಲೆ ಮಡಚಿ, ಹೆಸರಿನ ಚೀಟಿ ಅಂಟಿಸಿ, ಅಡಿಭಾಗವನ್ನೂ ಬಿಡದೆ ಹೊದಿಸಿದೆ. ಮರುದಿನ ಮೊಮ್ಮಗಳು ಎತ್ತಿಕೊಂಡು ಬಂದಳು.

"ಅಜ್ಜ, ಗಾಳಿ ಹೋಗುವ ಕಿಂಡಿ ಬಂದ್ ಮಾಡಿದ್ದೀರಿ. ಮುಟ್ಟಿ ನೋಡಿ, ಕಿತನಾ ಗರಮ್!"

ಮುಟ್ಟಿದೆ. ದೋಸೆ ಹೊಯ್ಯಬಹುದಿತ್ತು.

"ಯಾವ ಪಾಠ ನಡೆದಿತ್ತು?"

"ಡ್ರಾಯಿಂಗ್."

ಗಣಿತ ಶುರುವಾಗುವ ಮೊದಲೇ ಬೈಂಡು ಬಿಚ್ಚಿದೆ.

೨. ಕಾಲು ತಾಗಿತು

ನೆಲದಲ್ಲಿ ಕುಳಿತು ಕ್ಲಾಸು ಕೇಳುತ್ತಿದ್ದವಳ ಕಾಲು ಅದಕ್ಕೆ ತಾಗಿತು.

"ಅದು ಸರಸ್ವತಿ ಮಗಾ, ಕಣ್ಣಿಗೊತ್ತಿಕೋ" ಎಂದೆ.

"ಅಜ್ಜ, ಕ್ಯಾಮೆರಾ ಚಾಲೂ ಇದೆ."

"ಇರಲಿ. ನಾಲ್ಕು ಮಕ್ಕಳು ನೋಡಿ ಕಲಿಯಲಿ."

ಎತ್ತಿ ಕಣ್ಣಿಗೊತ್ತಿಕೊಂಡಳು. ಆ ಕಡೆ ಪರದೆಯ ತುಂಬ ಅವಳ ಹಣೆಯೇ ಕಂಡಿರಬೇಕು. ಟೀಚರು ಪಾಠ ನಿಲ್ಲಿಸಿ, ಕೈಯೆತ್ತಿ, "ಖುಷ್ ರಹೋ ಬೇಟಾ" ಎಂದರು. ಕೂಡಲೇ ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಹಣೆ ತಂದರು. ಆ ದಿನ ಭೂಗೋಳ ಮುಂದೆ ಹೋಗಲಿಲ್ಲ.

೩. ಪೂಜೆಗೆ ಇಟ್ಟದ್ದು

ನವರಾತ್ರಿಯಲ್ಲಿ ಪುಸ್ತಕ ಪೂಜೆಗಿಟ್ಟರೆ ವಿಜಯದಶಮಿಯವರೆಗೆ ತೆಗೆಯುವಂತಿಲ್ಲ. ಅವಳ ಪುಸ್ತಕವೆಂದರೆ ಅದೊಂದೇ. ಅದನ್ನೇ ಇಟ್ಟು ಹೂವು, ಅಕ್ಷತೆ ಹಾಕಿದೆ. ಮಹಾನವಮಿಯ ಮಧ್ಯಾಹ್ನ ಹುಡುಗಿ ಅಳುಮೋರೆ ಮಾಡಿ ನಿಂತಳು. ಪ್ರಾಜೆಕ್ಟ್ ಬರೆದು ಮುಗಿದಿದೆ, ಐದು ಗಂಟೆಯೊಳಗೆ ಕಳಿಸದಿದ್ದರೆ ಸೊನ್ನೆ.

"ನಾಳೆ ಕಳಿಸು."

"ಅಜ್ಜ, ನಾಳೆ ಅದು ತಗೊಳ್ಳುವುದೇ ಇಲ್ಲ!"

ನಾಲ್ಕೂವರೆಗೆ ನಮ್ಮ ಭಟ್ಟರಿಗೆ ಫೋನು ಮಾಡಿ, ಇಂದೇ ತೆಗೆಯಬಹುದೇ ಎಂದು ಕೇಳಿದೆ.

"ಪಂಚಾಂಗ ನೋಡದೆ ಹೇಗೆ ಹೇಳುವುದು ಮಾರಾಯ್ರೆ? ನನ್ನ ಪಂಚಾಂಗ ಇರುವುದು ಲ್ಯಾಪ್‌ಟಾಪಿನಲ್ಲಿ. ಅದನ್ನು ಪೂಜೆಗೆ ಇಟ್ಟಿದ್ದೇನೆ."

"ಹಾಗಾದರೆ?"

"ನಿಮ್ಮ ಮೊಮ್ಮಗಳದ್ದು ಉಂಟಲ್ಲ, ಅದರಲ್ಲಿ ನೋಡಿ."

ಭಟ್ಟರ ಮಾತು ಮೀರುವಂತಿಲ್ಲ. ಹೂವು ಸರಿಸಿ ತೆರೆದೆವು. ಮೊಮ್ಮಗಳು ಬಹಳ ಹೊತ್ತು ಹುಡುಕಿ, ಬೆರಳಾಡಿಸಿ, ಕೊನೆಗೆ ಗಂಭೀರವಾಗಿ ಹೇಳಿದಳು: "ಅಜ್ಜ, ದಶಮಿಗೆ ಮೊದಲು ತೆರೆಯಬಾರದಂತೆ."

ಕೂಡಲೇ ಮುಚ್ಚಿ, ಹೂವಿಟ್ಟು, ತಪ್ಪಾಯಿತೆಂದು ಕೈಮುಗಿದೆ. ಅಷ್ಟರಲ್ಲಿ ಪ್ರಾಜೆಕ್ಟ್ ಹೋಗಿಯಾಗಿತ್ತು.