ಎಮೆಟ್ ಕ್ರೌಸ್‌ನ ತಾಮ್ರದ ಬಿಲ್ಲೆ

ಲೈಮನ್ ಪ್ರೂಯಿಟ್‌ನ ಸಂಸಾರದಲ್ಲಿ ಆ ಶನಿವಾರ ಎದ್ದ ಗಲಾಟೆಗೆಲ್ಲ ಕಾರಣ ಒಂದು ಗುಳಿ. ಅವನ ಮೇಜಿನ ಖಾನೆಯಲ್ಲಿ ಮಖಮಲ್ಲು ಹೊದಿಸಿದ ಒಂದು ಮರದ ತಟ್ಟೆಯಿತ್ತು. ಅದರಲ್ಲಿ ಕಾಸಿನಗಲದ ಆರು ಗುಳಿ. ಐದರಲ್ಲಿ ಐದು ತಾಮ್ರದ ಬಿಲ್ಲೆಗಳು ಬೆಚ್ಚಗೆ ಕೂತಿದ್ದವು. ಆರನೆಯದು ಇಪ್ಪತ್ತು ವರ್ಷದಿಂದ ಬರಿದು. ಹಲ್ಲು ಬಿದ್ದ ಜಾಗಕ್ಕೆ ನಾಲಗೆ ಹೋಗುವ ಹಾಗೆ ಲೈಮನ್‌ನ ಕಣ್ಣು ದಿನಕ್ಕೊಂದು ಸಲ ಅಲ್ಲಿಗೆ ಹೋಗಿ ಬರುತ್ತಿತ್ತು.

ಹಿಂದೆ ಅಂತರ್ಯುದ್ಧದಲ್ಲಿ ನಮ್ಮ ದೇಶದ ಉತ್ತರದವರೂ ದಕ್ಷಿಣದವರೂ ಬಡಿದಾಡುತ್ತಿದ್ದ ಕಾಲದಲ್ಲಿ ಜನ ಸರ್ಕಾರದ ಕಾಸನ್ನೆಲ್ಲ ಹಾಸಿಗೆಯಡಿ ಬಚ್ಚಿಟ್ಟುಬಿಟ್ಟರು. ಚಿಲ್ಲರೆಯಿಲ್ಲದೆ ವ್ಯಾಪಾರ ನಿಂತುಹೋಯಿತು. ಆಗ ನಮ್ಮ ಬೆಲ್‌ಫೋರ್ಡಿನ ಆರು ಮಂದಿ ಅಂಗಡಿಯವರು ತಮ್ಮ ಹೆಸರು ಒತ್ತಿಸಿ ತಾವೇ ಬಿಲ್ಲೆ ಮಾಡಿಸಿದರು. ಕಿರಾಣಿಯವನ ಬಿಲ್ಲೆ, ಔಷಧದವನ ಬಿಲ್ಲೆ, ಹೀಗೆ ಐದು ಲೈಮನ್‌ಗೆ ಸಿಕ್ಕಿದ್ದವು. ಸಿಗದೇ ಇದ್ದದ್ದು ಬೂಟು ಹೊಲಿಯುತ್ತಿದ್ದ ಜೇಕಬ್ ಯೋಸ್ಟನದು. ಅದರ ಒಂದು ಮುಖದಲ್ಲಿ ಯೋಸ್ಟನ ಹೆಸರು, ಇನ್ನೊಂದರಲ್ಲಿ ಒಂದು ಬೂಟು. ಅದನ್ನು ಬೇರೆಲ್ಲೂ ಕಂಡವರಿಲ್ಲ. ಇದ್ದದ್ದು ಒಂದೇ ಒಂದು, ಅದೂ ಎಮೆಟ್ ಕ್ರೌಸ್‌ನ ಹತ್ತಿರ.

ತಿಂಗಳಿಗೊಮ್ಮೆ ಚರ್ಚಿನ ನೆಲಮಾಳಿಗೆಯಲ್ಲಿ ಬಿಲ್ಲೆ ಕೂಡಿಡುವವರ ಸಂಘ ಸೇರುತ್ತದೆ. ಹಳೆಯ ಚುನಾವಣೆಗಳಲ್ಲಿ ಅಧ್ಯಕ್ಷರನ್ನು ಬೈಯುವುದಕ್ಕೆಂದೇ ಹಂಚಿದ, ಕತ್ತೆ ಹಂದಿಗಳ ಚಿತ್ರವಿದ್ದ ಬಿಲ್ಲೆಗಳು ಎಮೆಟ್‌ನ ಹತ್ತಿರ ರಾಶಿ ಇದ್ದವು. ಅವನ್ನು ಧಾರಾಳವಾಗಿ ಎಲ್ಲರ ಕೈಗೂ ಕೊಡುತ್ತಿದ್ದ. ಯೋಸ್ಟನದನ್ನು ಮಾತ್ರ ಮುಷ್ಟಿಯಲ್ಲೇ ತರುತ್ತಿದ್ದ. ಮುಷ್ಟಿ ಬಿಚ್ಚುತ್ತಿದ್ದ, "ನೋಡಿದ್ರಲ್ಲ, ಸಾಕು," ಎಂದು ಮುಚ್ಚುತ್ತಿದ್ದ.

ಆ ಎಮೆಟ್ ತೀರಿಕೊಂಡ. ಶುಕ್ರವಾರ ಮಣ್ಣು ಮಾಡಿದ್ದಾಯಿತು. ಲೈಮನ್‌ಗೆ ನಿಜವಾಗಿಯೂ ದುಃಖವಾಯಿತು, ಸುಮಾರು ಸಂಜೆಯವರೆಗೆ. ಆಮೇಲೆ ಅವನಿಗೆ ಹಲ್ಲಿನ ಡಾಕ್ಟರ್ ಬಿಕ್ಸ್‌ಬಿಯ ನೆನಪಾಯಿತು. ಬಿಕ್ಸ್‌ಬಿಯೂ ಸಂಘದವನೇ, ಅವನ ತಟ್ಟೆಯಲ್ಲೂ ಅದೇ ಗುಳಿ ಖಾಲಿ. ಮಣ್ಣು ಮಾಡುವಾಗ ಆ ಮನುಷ್ಯ ವಿಧವೆ ಹಿಲ್ಡಾಳ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದ. ಲೈಮನ್‌ಗೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಎದ್ದವನೇ ಹೆಂಡತಿಗೆ, "ವರ್ನಾ, ಹಿಲ್ಡಾ ಮನೆಗೆ ಏನಾದ್ರೂ ಮಾಡ್ಕೊಡು, ಕೊಟ್ಟು ಬರ್ತೀನಿ," ಎಂದ.

ವರ್ನಾ ಒಲೆಯ ಕಡೆಯಿಂದ ತಿರುಗಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸಾವಿನ ಮನೆಗೆ ಅಡುಗೆ ಕೊಂಡೊಯ್ಯುವುದು ನಮ್ಮೂರಲ್ಲಿ ಇರುವ ಪದ್ಧತಿಯೇ. ಆದರೆ ಅದು ಹೆಂಗಸರ ಪಾಲಿನ ಕೆಲಸ.

"ನಮ್ಮಮ್ಮ ಹೋದಾಗ ಬಂದೋರಿಗೆ ಒಂದು ಲೋಟ ನೀರು ಕೊಡು ಅಂದ್ರೆ ಲೋಟ ಎಲ್ಲಿದೆ ಅಂತ ಕೇಳ್ದೋನು ನೀನು. ಇವತ್ತೇನು ಇಷ್ಟು ಕರುಣೆ?"

"ಪಾಪ, ಒಬ್ಬಳೇ ಆಗ್ಬಿಟ್ಳಲ್ಲ."

"ಒಬ್ಬಳೇ ಆಗಿದ್ದಾಳೆ ಅನ್ನೋದು ನಂಗೂ ಗೊತ್ತು. ಆ ಹೊಸ ಶರ್ಟು ಯಾಕೆ?"

"ಸಾವಿನ ಮನೆಗೆ ಹಳೇದು ಹಾಕ್ಕೊಂಡು ಹೋಗೋಕಾಗುತ್ತಾ?"

ವರ್ನಾ ಇನ್ನೇನೂ ಕೇಳಲಿಲ್ಲ. ಕೇಳದೇ ಇದ್ದಾಗಲೇ ಅವಳು ಅಪಾಯ ಎನ್ನುವುದು ಲೈಮನ್‌ಗೆ ಹೊಳೆಯಬೇಕಿತ್ತು. ಟ್ಯೂನಾ ಮೀನು ನೂಡಲ್ಸ್ ಬೆರೆಸಿ ಒಲೆಯಲ್ಲಿ ಬೇಯಿಸಿಕೊಟ್ಟಳು. ಅದನ್ನು ನೀಲಿ ಗಾಜಿನ ಪಾತ್ರೆಯಲ್ಲೇ ಕೊಡಬೇಕೆಂದು ಲೈಮನ್ ಹಟ ಹಿಡಿದ. ಒಳ್ಳೆಯ ಪಾತ್ರೆಗೆ ತಳದಲ್ಲಿ ಹೆಸರು ಬರೆದು ಅಂಟಿಸಿರುತ್ತಾರೆ, ವಾಪಸು ತರಲು ಮತ್ತೊಮ್ಮೆ ಹೋಗಬಹುದು. ಇವತ್ತು ಬಿಲ್ಲೆಯ ಮಾತು ಬರದಿದ್ದರೆ ನಾಳೆಗೊಂದು ನೆಪ ಇರಲಿ ಎಂದು ಅವನ ಲೆಕ್ಕ.

ಏಕೆಂದರೆ ಬಿಲ್ಲೆಯ ಮಾತನ್ನು ಅವನಾಗಿ ಎತ್ತುವಂತಿರಲಿಲ್ಲ. ಗೋರಿಯ ಮೇಲಿನ ಹೂವು ಬಾಡುವ ಮೊದಲು ಸತ್ತವನ ಸಾಮಾನು ಕೇಳುವವನನ್ನು ನಮ್ಮೂರಿನವರು ರಣಹದ್ದು ಎನ್ನುತ್ತಾರೆ. ಮಾತು ವಿಧವೆಯ ಬಾಯಿಂದಲೇ ಬರಬೇಕು. ಬರುವವರೆಗೆ ಅಲ್ಲೇ ಸುಳಿದಾಡುತ್ತಿರಬೇಕು.

ಹಿಲ್ಡಾಳ ಮನೆಯ ಮುಂದೆ ಬಿಕ್ಸ್‌ಬಿಯ ಕಾರು ಆಗಲೇ ನಿಂತಿತ್ತು. ಅವನೇ ಬಾಗಿಲು ತೆಗೆದ. ಕೈಯಲ್ಲಿ ಬೇಕರಿಯಿಂದ ತಂದ ಸೇಬಿನ ಪೈ ತಿಂಡಿ.

"ಓ, ಲೈಮನ್. ನೀವು ಬರ್ತೀರ ಅಂತ ಗೊತ್ತಿತ್ತು," ಎಂದ.

"ನಾನು ಬರೋದು ನಿಮಗೆ ಹೇಗೆ ಗೊತ್ತಾಯ್ತು ಡಾಕ್ಟ್ರೆ?"

"ನಾನು ಬರೋದು ನಿಮಗೆ ಗೊತ್ತಿರುತ್ತಲ್ಲ, ಹಾಗೆ."

ಇಬ್ಬರೂ ಎದುರು ಬದುರು ಕೂತರು. ಹಿಲ್ಡಾ ಕಾಫಿ ತಂದಿಟ್ಟಳು. ಇಬ್ಬರೂ ಹವೆಯ ಮಾತಾಡಿದರು, ಪಾದ್ರಿಯ ಮಾತು ಎಷ್ಟು ಚೆನ್ನಾಗಿತ್ತೆಂದರು, ನಡುನಡುವೆ ಮೆಟ್ಟಿಲ ಮೇಲೆ ಕಾಣುವ ಎಮೆಟ್‌ನ ಕೋಣೆಯ ಮುಚ್ಚಿದ ಬಾಗಿಲನ್ನು ನೋಡಿದರು, ಮತ್ತೊಬ್ಬ ನೋಡಿದ್ದನ್ನೂ ನೋಡಿದರು. ಕಾಫಿ ಮುಗಿಯಿತು. ಇನ್ನು ಏಳಬೇಕು. ತಾನು ಎದ್ದರೆ ಡಾಕ್ಟರು ಉಳಿಯುತ್ತಾನೆ ಎಂದು ಲೈಮನ್ ಏಳಲಿಲ್ಲ, ಲೈಮನ್ ಏಳಲಿಲ್ಲವೆಂದು ಡಾಕ್ಟರೂ ಏಳಲಿಲ್ಲ.

"ಎಮೆಟ್ ಇದ್ದಿದ್ರೆ ಈ ವಾರ ಸೂರಿನ ನೀರು ಹರಿಯೋ ದೋಣಿಗೆ ಬಿದ್ದ ಎಲೆ ತೆಗೀತಿದ್ದ," ಎಂದು ಹಿಲ್ಡಾ ನಿಟ್ಟುಸಿರು ಬಿಟ್ಟಳು.

"ನಾನಿಲ್ವೇ ಹಿಲ್ಡಾ ಅವರೆ," ಎಂದು ಲೈಮನ್ ಎದ್ದೇಬಿಟ್ಟ.

"ಅಂಗಳದ ಎಲೆ ನಾನು ಗುಡಿಸ್ತೀನಿ," ಎಂದು ಡಾಕ್ಟರೂ ಎದ್ದ. ಹದಿನೈದು ವರ್ಷದಿಂದ ತನ್ನ ಅಂಗಳಕ್ಕೇ ಆಳು ಇಟ್ಟವನು ಅವನು.

ಹೀಗೆ ಕೆಲಸ ಶುರುವಾಯಿತು. ಲೈಮನ್ ಏಣಿಯ ಮೇಲೆ, ಡಾಕ್ಟರು ಮೇಪಲ್ ಮರದ ಕೆಳಗೆ. ಮಧ್ಯಾಹ್ನದ ಹೊತ್ತಿಗೆ ದೋಣಿಯೂ ಮುಗಿಯಿತು, ಅಂಗಳವೂ ಮುಗಿಯಿತು. ಬಿಲ್ಲೆಯ ಮಾತು ಮಾತ್ರ ಬರಲಿಲ್ಲ. ಬೇಲಿಯ ಎರಡು ಹಲಗೆ ಸಡಿಲವಾಗಿದೆ ಎಂದಳು ಹಿಲ್ಡಾ. ಅದನ್ನು ಬಡಿದರು. ಸೌದೆ ಒಡೆಯಬೇಕಿತ್ತು ಎಂದಳು. ಒಡೆದರು. ಮುದುಕಿ ಬಾಯಿ ಬಿಡುತ್ತಿಲ್ಲ, ಡಾಕ್ಟರ ಜೊತೆ ಒಳಗೊಳಗೇ ಏನೋ ಗೊತ್ತುಮಾಡಿಕೊಂಡಿರಬೇಕು ಎಂದು ಲೈಮನ್‌ಗೆ ಅನುಮಾನ ಬಂತು. ಅನುಮಾನಕ್ಕೆ ಸರಿಯಾಗಿ ಹಿಲ್ಡಾ ಕಿಟಕಿಯಿಂದ, "ಡಾಕ್ಟ್ರೆ, ಎಮೆಟ್ ಕೋಣೆಗೆ ಒಂದು ನಿಮಿಷ ಬರ್ತೀರಾ?" ಎಂದು ಕರೆದಳು.

ಲೈಮನ್ ಕೊಡಲಿ ಅಲ್ಲೇ ಬಿಸಾಡಿ ಏಣಿ ಎಳೆದುಕೊಂಡು ಹೋಗಿ ಮಹಡಿಯ ಮೇಲಿನ ಎಮೆಟ್‌ನ ಕೋಣೆಯ ಕಿಟಕಿಗೆ ಒರಗಿಸಿದ. ಹತ್ತಿ ಗಾಜಿಗೆ ಮೂಗು ಒತ್ತಿದ. ಒಳಗೆ ಡಾಕ್ಟರು ಕುರ್ಚಿಯ ಮೇಲೆ ನಿಂತಿದ್ದ, ಹಿಲ್ಡಾ ಅವನ ಕೈಗೆ ದುಂಡಗಿನದೇನೋ ಇಡುತ್ತಿದ್ದಳು. ಏನೆಂದು ಕಾಣಲು ಲೈಮನ್ ಪಕ್ಕಕ್ಕೆ ವಾಲಿದ. ಏಣಿಯೂ ವಾಲಿತು. ಬೆಳಿಗ್ಗೆ ತಾನೇ ಚೊಕ್ಕ ಮಾಡಿದ್ದ ದೋಣಿಯನ್ನು ಬಾಚಿ ತಬ್ಬಿಕೊಂಡ. ದೋಣಿ ಸೂರಿನಿಂದ ಕಿತ್ತು ಅವನ ಜೊತೆಯಲ್ಲೇ ಬಂತು.

ಡಾಕ್ಟರು ಗುಡ್ಡೆ ಹಾಕಿದ್ದ ಎಲೆಯ ರಾಶಿಯ ಮೇಲೆ ಬಿದ್ದದ್ದರಿಂದ ಮೂಳೆ ಉಳಿಯಿತು. ಹೊಸ ಶರ್ಟು ಕಂಕುಳಿಂದ ಸೊಂಟದವರೆಗೆ ಸೀಳಿತು. ಎದುರು ಮನೆಯ ಡಾಟಿ ಹ್ಯಾಚ್‌ಳ ಕಿಟಕಿಯ ಪರದೆ ಅಲ್ಲಾಡಿದ್ದನ್ನು ಅವನು ಬಿದ್ದಲ್ಲಿಂದಲೇ ಕಂಡ. ಡಾಟಿ ವರ್ನಾಳ ಗೆಳತಿ. ಊರಿನಲ್ಲಿ ಟೆಲಿಫೋನಿಗೆ ಖರ್ಚು ಮಾಡಿದ ದುಡ್ಡು ದಂಡವಾಗದಂತೆ ನೋಡಿಕೊಂಡವಳು ಅವಳೊಬ್ಬಳೇ.

ಹಿಲ್ಡಾ ಓಡಿಬಂದು ಅವನನ್ನು ಎಬ್ಬಿಸಿ ಅಡುಗೆಮನೆಯಲ್ಲಿ ಕೂರಿಸಿದಳು. "ಅಯ್ಯೋ ಪಾಪ, ಇದನ್ನ ಹಾಕ್ಕೋ," ಎಂದು ಎಮೆಟ್‌ನ ಒಂದು ಶರ್ಟು ತಂದುಕೊಟ್ಟಳು. ಡಾಕ್ಟರು ಪೆಪ್ಪರ್‌ಮಿಂಟು ಚೀಪುತ್ತ ಬಂದ. ಕೋಣೆಯ ದೀಪದ ಬುರುಡೆ ಬದಲಿಸಿದ್ದಕ್ಕೆ ಹಿಲ್ಡಾ ಕೊಟ್ಟ ಪೆಪ್ಪರ್‌ಮಿಂಟು. ಲೈಮನ್ ಶರ್ಟು ತೊಟ್ಟು, ಯಾರೂ ನೋಡದಂತೆ ಅದರ ಜೇಬಿಗೂ ಬೆರಳು ಹಾಕಿ ನೋಡಿದ. ಖಾಲಿ.

ಅಷ್ಟರಲ್ಲಿ ವರ್ನಾ ಬಂದಳು. ಹಿಂದೆ ಡಾಟಿ. ಗಂಡ ವಿಧವೆಯ ಅಡುಗೆಮನೆಯಲ್ಲಿ ಸತ್ತವನ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಕೂತಿದ್ದ.

"ಒಂದು ದಿನ," ಎಂದಳು ವರ್ನಾ. "ಒಂದೇ ಒಂದು ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ ನಿಂಗೆ?"

"ವರ್ನಾ, ನೀನು ಅಂದ್ಕೊಂಡ ಹಾಗಲ್ಲ."

"ಮಲಗೋ ಕೋಣೆ ಕಿಟಕಿಗೆ ಏಣಿ ಹಾಕಿದ್ದು ನಾನೇ ಕಣ್ಣಾರೆ ನೋಡ್ದೆ," ಎಂದಳು ಡಾಟಿ. "ಮೂಗು ಗಾಜಿಗೆ ಅಂಟ್ಕೊಂಡಿತ್ತು. ನಂಗೆ ಬೇರೆಯೋರ ಮನೆ ವಿಷ್ಯ ಬೇಡ, ಆದ್ರೂ ಹೇಳ್ದೆ."

"ನಮ್ಮನೆ ಸೂರು ಮೂರು ವರ್ಷದಿಂದ ಸೋರ್ತಿದೆ," ಎಂದಳು ವರ್ನಾ. "ಏಣಿ ಹತ್ತಿದ್ರೆ ತಲೆ ಸುತ್ತುತ್ತೆ ಅಂತಿದ್ದೆ. ಇಲ್ಲಿ ಸುತ್ತಲಿಲ್ವಾ?"

ಲೈಮನ್‌ಗೆ ಅತ್ತ ದರಿ, ಇತ್ತ ಪುಲಿ. ಬಿಲ್ಲೆಗೆ ಬಂದೆ ಎಂದರೆ ಊರಿಗೆಲ್ಲ ರಣಹದ್ದಾಗುತ್ತಾನೆ. ಎನ್ನದಿದ್ದರೆ ಮನೆಗೆ ಹೋಗುವ ಹಾಗಿಲ್ಲ. ಮನೆಯಲ್ಲಿ ತಟ್ಟೆಯಿದೆ, ತಟ್ಟೆಯಲ್ಲಿ ಐದು ಬಿಲ್ಲೆಯಿವೆ, ವರ್ನಾಳ ಕೈಗೆಟಕುವ ಖಾನೆಯಲ್ಲಿವೆ. ಅದು ನೆನಪಾದದ್ದೇ ಬಾಯಿ ತಾನೇ ತೆರೆಯಿತು.

"ನಾನು ಹಿಲ್ಡಾಗೋಸ್ಕರ ಬಂದಿದ್ದಲ್ಲ. ಯೋಸ್ಟನ ಬಿಲ್ಲೆಗೋಸ್ಕರ ಬಂದೆ."

ಡಾಟಿಯ ಮುಖ ಸಪ್ಪಗಾಯಿತು. ಇಷ್ಟು ಸಣ್ಣ ವಿಷಯಕ್ಕೆ ಅವಳು ರಸ್ತೆ ದಾಟಿ ಬರುತ್ತಿರಲಿಲ್ಲ. ವರ್ನಾ ಗಂಡನ ಕಡೆ ತಿರುಗಿದಳು.

"ಹೆಣ್ಣಿನಾಸೆಗೆ ಬಂದಿದ್ರೆ, ಹೋಗ್ಲಿ, ಮನುಷ್ಯ ಅನ್ನಬಹುದಿತ್ತು," ಎಂದಳು.

"ಛೆ, ಲೈಮನ್," ಎಂದು ಡಾಕ್ಟರು ತಲೆಯಾಡಿಸಿದ. "ನಿನ್ನೆ ತಾನೇ ಮಣ್ಣಾಗಿದೆ. ಇದೆಂಥ ಮಾತು?"

"ನೀವ್ಯಾಕೆ ಸೌದೆ ಒಡೆದ್ರಿ ಡಾಕ್ಟ್ರೆ? ನಿಮ್ಮ ಆಸ್ಪತ್ರೇಲಿ ಇವತ್ತು ಕೀಳೋಕೆ ಹಲ್ಲಿರ್ಲಿಲ್ವಾ?"

ಡಾಕ್ಟರು ಪೆಪ್ಪರ್‌ಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದ. ಹಿಲ್ಡಾ ಒಂದು ಕುರ್ಚಿ ಎಳೆದು ಕೂತಳು.

"ಬೆಳಿಗ್ಗೆ ಬಂದಾಗ್ಲೇ ಕೇಳಿದ್ರೆ ಹೇಳ್ತಿದ್ದೆ," ಎಂದಳು. "ನೀವಿಬ್ರೂ ಕೇಳ್ಲಿಲ್ಲ, ಕೆಲ್ಸ ಮಾಡ್ತಾ ಹೋದ್ರಿ. ಮಾಡೋರನ್ನ ನಾನ್ಯಾಕೆ ತಡೀಲಿ ಅಂತ ಸುಮ್ನಿದ್ದೆ. ಬಿಲ್ಲೆ ಇಲ್ಲಿಲ್ಲ. ಅವನ ಜೊತೆನೇ ಹೋಯ್ತು."

"ಜೊತೆ ಅಂದ್ರೆ?" ಎಂದರು ಇಬ್ಬರೂ ಒಟ್ಟಿಗೆ.

"ಕೋಟಿನ ಜೇಬಲ್ಲಿ ಇಟ್ಟು ಕಳಿಸು ಅಂದಿದ್ದ. ಲೈಮನ್‌ನ ನಂಬಲ್ಲ, ಆ ಹಲ್ಲಿನೋನ್ನೂ ನಂಬಲ್ಲ ಅಂದ. ನನ್ನನ್ನೂ ಪೂರ್ತಿ ನಂಬ್ಲಿಲ್ಲ. ಇಡ್ತೀನಿ ಅಂತ ಮೂರು ಸಲ ಆಣೆ ಹಾಕಿಸ್ಕೊಂಡ." ಹಿಲ್ಡಾ ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡಳು. "ನಲವತ್ತು ವರ್ಷ ನನ್ನ ಮುಖಕ್ಕಿಂತ ಅದನ್ನೇ ಹೆಚ್ಚು ನೋಡಿದ. ಹೋಗೋವಾಗ ಯಾಕೆ ಅಗಲಿಸ್ಲಿ ಅಂತ ಇಟ್ಟೆ. ಎಡಗಡೆ ಜೇಬು. ಅವನ ಪೆಟ್ಟಿಗೆ ಹೊರೋವಾಗ ಎಡಗಡೆಯಿಂದ ಕೈ ಕೊಟ್ಟೋನು ನೀನೇ ಅಲ್ವೇನಪ್ಪ ಲೈಮನ್?"

ಲೈಮನ್ ತನ್ನ ಬಲಗೈ ನೋಡಿಕೊಂಡ. ಇಪ್ಪತ್ತು ವರ್ಷ ಹಂಬಲಿಸಿದ್ದನ್ನು ಆ ಕೈಯೇ ಹಿಡಿದುಕೊಂಡು ಹೋಗಿತ್ತು, ಜೋಪಾನವಾಗಿ ಕೆಳಗಿಳಿಸಿತ್ತು, ಮೇಲೊಂದು ಹಿಡಿ ಮಣ್ಣನ್ನೂ ಹಾಕಿತ್ತು. ಅವನಿಗೆ ನಿಜವಾಗಿಯೂ ಅಳು ಬಂತು. ನಿನ್ನೆ ಬಂದದ್ದಕ್ಕಿಂತ ಜೋರಾಗಿಯೇ ಬಂತು. ಹಿಲ್ಡಾ ಅವನ ಭುಜ ತಟ್ಟಿ ಸಮಾಧಾನ ಮಾಡಿದಳು.

"ಎಷ್ಟೇ ಆಗ್ಲಿ, ಸ್ನೇಹಿತರು," ಎಂದಳು. "ಹಿಂದಿನ ಬಾಗಿಲ ಹತ್ರ ಎರಡು ಸೇವಂತಿಗೆ ಗಿಡ ಇವೆ. ಗೋರಿ ಮೇಲೆ ನೆಡಬೇಕಿತ್ತು. ಯಾರಾದ್ರೂ—"

"ನಾನು ನೆಡ್ತೀನಿ," ಎಂದ ಡಾಕ್ಟರು.

"ನಾನು ನೆಡ್ತೀನಿ," ಎಂದ ಲೈಮನ್, ಕಣ್ಣು ಒರೆಸಿಕೊಳ್ಳುವುದನ್ನೂ ಮರೆತು. "ಸನಿಕೆ ಎಲ್ಲಿದೆ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಅರ್ಥವಾದದ್ದು ವರ್ನಾಳಿಗೆ.

"ಹಿಲ್ಡಾ ಅವರೆ," ಎಂದಳು, "ಇವರ ಕೈಗೆ ಸನಿಕೆ ಕೊಡಬೇಡಿ. ಚಮಚ ಕೊಡಿ."

ಹೊತ್ತು ಮುಳುಗುವ ಮೊದಲು ಚರ್ಚಿನ ಹಿಂದಿನ ಸ್ಮಶಾನದ ದಾರಿಯಲ್ಲಿ ಹೋದವರು ಆ ನೋಟ ನೋಡಿ ಟೋಪಿ ತೆಗೆದರು. ಎಮೆಟ್ ಕ್ರೌಸ್‌ನ ಇಬ್ಬರು ಗೆಳೆಯರು ಅವನ ಗೋರಿಯ ಮೇಲೆ ಮಂಡಿಯೂರಿ, ಸೂಪಿನ ಚಮಚ ಹಿಡಿದು, ಅಳುಮೋರೆ ಮಾಡಿಕೊಂಡು ಹೂವಿನ ಗಿಡ ನೆಡುತ್ತಿದ್ದರು. ಹಿಂದೆ ವರ್ನಾ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಗುಂಡಿ ಒಂದು ಗೇಣು ಆಗುತ್ತಲೇ, "ಸಾಕು, ನಿಲ್ಸಿ," ಎಂದಳು.