ಅಮ್ಮನಿಗೆ ಹುಷಾರಿಲ್ಲ

ಸಂಜೀವಪ್ಪನ ತಾಯಿ ತೀರಿಕೊಂಡು ಮೂರು ವರ್ಷವಾಗಿತ್ತು. ಆದರೆ ದೊಮ್ಮಲೂರಿನ ಅವನ ಆಫೀಸಿನಲ್ಲಿ ಆಕೆ ಇನ್ನೂ ಬದುಕಿದ್ದಳು. ತಿಂಗಳಿಗೊಮ್ಮೆ ಕಾಯಿಲೆ ಕೂಡ ಬೀಳುತ್ತಿದ್ದಳು.

ಇದರಲ್ಲಿ ಸಂಜೀವಪ್ಪನ ತಪ್ಪೇ ಇಲ್ಲ ಎಂದರೆ ಸುಳ್ಳಾಗುತ್ತದೆ, ಪೂರ್ತಿ ಅವನದೇ ತಪ್ಪು ಎಂದರೆ ಅನ್ಯಾಯವಾಗುತ್ತದೆ. ಜೋಗುಪಾಳ್ಯದ ಒಂದು ಸಂದಿಯಲ್ಲಿ, ಮನೆಯ ಗೋಡೆಗೆ ಆತುಕೊಂಡ ತಗಡಿನ ಚಪ್ಪರದ ಕೆಳಗೆ, ಅವನಿಗೊಂದು ಹಸುವಿತ್ತು. ಹೆಸರು ಸುಬ್ಬಿ. ತಾಯಿ ಕೈಯಾರೆ ಸಾಕಿದ ಹಸು. ಸುಬ್ಬೀನ ಮಾತ್ರ ಮಾರಬೇಡ ಕಣೋ ಎಂದು ಆಕೆ ಕೊನೆಯ ವಾರದಲ್ಲಿ ಮಗನ ಕೈ ಹಿಡಿದು ಕೇಳಿಕೊಂಡಿದ್ದಳು. ಮಗ ಆಗಲಿ ಎಂದಿದ್ದ. ಆಕೆ ಹೋದಾಗ ಅವನು ದೊಮ್ಮಲೂರಿನ ಆ ಗಾಜಿನ ಕಟ್ಟಡಕ್ಕೆ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿ ಇನ್ನೂ ಹದಿನೈದು ದಿನವೂ ಆಗಿರಲಿಲ್ಲ. ಹೊಸಬನಿಗೆ ರಜೆ ಯಾರು ಕೊಡುತ್ತಾರೆ? ತಾಯಿಯನ್ನು ಕಲ್ಪಳ್ಳಿಯ ಸ್ಮಶಾನದಲ್ಲಿ ಮಣ್ಣು ಮಾಡಿ ಬಂದವನು ಮರುದಿನ ಯಾರಿಗೂ ಹೇಳದೆ ಮಾಪು ಹಿಡಿದು ನಿಂತಿದ್ದ. ಅಳುವುದಕ್ಕೂ ರಜೆ ಬೇಕಾಗುತ್ತದೆ. ಅದು ಸಿಗಲಿಲ್ಲ, ಅವನು ಅಳಲೂ ಇಲ್ಲ.

ಸುಬ್ಬಿ ಮಾತ್ರ ತನ್ನ ದುಃಖಕ್ಕೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಹಾಲು ಕರೆಯಲು ಸಂಜೀವಪ್ಪನ ಹೆಂಡತಿ ಯಶೋದಮ್ಮ ಕೂತರೆ ಒದ್ದಳು, ಸಂಜೀವಪ್ಪ ಕೂತರೂ ಒದ್ದಳು. ಕೊನೆಗೆ ಎದುರು ಮನೆಯ ಉಮ್ಮೆ ಕುಲ್ಸುಂ ಒಂದು ಉಪಾಯ ಹೇಳಿದಳು. ತಾಯಿಯ ಹಳೇ ಸೀರೆ ಹೊದ್ದುಕೊಂಡು ಕೂತು ನೋಡು ಅಂತ. ಅವನು ಹಾಗೇ ಮಾಡಿದ. ಸುಬ್ಬಿ ಸೀರೆಯ ಸೆರಗನ್ನು ಬಹಳ ಹೊತ್ತು ಮೂಸಿದಳು, ಆಮೇಲೆ ಹಾಲು ಬಿಟ್ಟಳು. ಅಂದಿನಿಂದ ದಿನಾ ಬೆಳಗಿನ ಜಾವ, ಮೀಸೆ ಹೊತ್ತ ಐವತ್ತರ ಗಂಡಸು ಹೂವಿನ ಸೀರೆ ಹೊದ್ದು ಚಪ್ಪರದಲ್ಲಿ ಕೂರುತ್ತಿದ್ದ. ಸಂದಿಯವರು ಮೊದಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಆಮೇಲೆ ಅದೇ ಕೈಯಲ್ಲಿ ಪಾತ್ರೆ ಹಿಡಿದು ಹಾಲಿಗೆ ನಿಂತರು. ಬೇರೆ ಯಾರು ಆ ಸೀರೆ ಹೊದ್ದರೂ ಸುಬ್ಬಿ ಒಪ್ಪುತ್ತಿರಲಿಲ್ಲ. ಯಶೋದಮ್ಮನ ಮೊಣಕಾಲಿನಲ್ಲಿ ಅದಕ್ಕೆ ಸಾಕ್ಷಿಯ ಗುರುತಿದೆ.

ಸುಬ್ಬಿಗೆ ಮೊದಲ ಸಲ ಹೊಟ್ಟೆ ಉಬ್ಬರಿಸಿದಾಗ ಸಂಜೀವಪ್ಪ ರಜೆಗೆ ಫೋನ್ ಮಾಡಿದ. ಗಾಜಿನ ಕಟ್ಟಡದವರು ಹಸುವಿಗೆ ಹುಷಾರಿಲ್ಲವೆಂದರೆ ರಜೆ ಕೊಡುತ್ತಾರೆಯೇ ಎನಿಸಿ, ನಾಲಿಗೆ ತಾನಾಗಿಯೇ ‘ಅಮ್ಮನಿಗೆ ಹುಷಾರಿಲ್ಲ ಸಾರ್’ ಎಂದಿತು. ಸೂಪರ್‌ವೈಸರ್ ಭಗವಂತರಾಯ ಆಳಂದದ ಕಡೆಯ ಮನುಷ್ಯ, ಬಾಡಿಗೆ ರೂಮಿನಲ್ಲಿ ಒಬ್ಬನೇ ಇದ್ದವನು, ತಾಯಿ ಎಂದರೆ ಕರಗುವವನು. ಏನಾಗಿದೆ ಎಂದು ಕೇಳಿದ. ಹೊಟ್ಟೆ ಉಬ್ಬರ ಎಂದ ಸಂಜೀವಪ್ಪ. ಮರುದಿನ ಭಗವಂತರಾಯ ಒಂದು ಪೊಟ್ಟಣ ಓಂಕಾಳು ತಂದುಕೊಟ್ಟ. ಸುಬ್ಬಿ ತಿಂದಳು, ಗುಣವೂ ಆದಳು. ಅಲ್ಲಿಂದ ಸುಬ್ಬಿಗೆ ಕಾಲು ಉಳುಕಿದರೆ ಆಫೀಸಿನಲ್ಲಿ ಅಮ್ಮನಿಗೆ ಕಾಲು ಉಳುಕುತ್ತಿತ್ತು, ಸುಬ್ಬಿಗೆ ಭೇದಿಯಾದರೆ ಅಮ್ಮನಿಗೂ ಭೇದಿ. ಚಳಿಗಾಲಕ್ಕೆ ಭಗವಂತರಾಯ ಊರಿನಿಂದ ಒಂದು ಕರಿಕಂಬಳಿ ತಂದು, ಅವ್ವಗ ಹೊಚ್ಚು ಎಂದ. ಸಂಜೀವಪ್ಪ ಸುಬ್ಬಿಗೆ ಹೊದಿಸಿದ.

ಇನ್ನೊಂದು ಅನುಕೂಲವಿತ್ತು. ಉಳಿದವರಿಗೆಲ್ಲ ಪಾಳಿ ಬದಲಾಗುತ್ತಿತ್ತು, ಬೆಳಗಿನ ಐದರ ಪಾಳಿ ಬಿದ್ದವರು ಶಪಿಸುತ್ತಿದ್ದರು. ಸಂಜೀವಪ್ಪನಿಗೆ ಮಾತ್ರ ಸದಾ ಹತ್ತರ ಪಾಳಿ. ಹಾಲು ಕರೆದು, ಮನೆಮನೆಗೆ ಹಾಕಿ, ಸೆಗಣಿ ಬಾಚಿ ದೊಮ್ಮಲೂರು ಮುಟ್ಟಲು ಅದು ಹೇಳಿ ಮಾಡಿಸಿದ ಹೊತ್ತು. ತನ್ನ ಹಣೆಬರಹದಲ್ಲಿ ಬ್ರಹ್ಮ ನಿದ್ದೆಗಣ್ಣಿನಲ್ಲಿ ಬರೆದ ಒಂದು ಒಳ್ಳೆಯ ಗೆರೆ ಇದೆಯೆಂದು ಅವನು ನಂಬಿದ್ದ.

ಹೀಗಿರುವಾಗ ಸುಬ್ಬಿ ಕರು ಹಾಕಿದಳು. ಮರುದಿನ ಬೆಳಗ್ಗೆ ನೋಡಿದರೆ ಏಳಲೊಲ್ಲಳು. ಕತ್ತು ಪಕ್ಕೆಗೆ ತಿರುಚಿಕೊಂಡು ಬಿದ್ದಿದ್ದಾಳೆ, ಕಿವಿ ತಣ್ಣಗಿದೆ. ಪಶುವೈದ್ಯರಿಗೆ ಫೋನ್ ಮಾಡಿದರೆ ಅವರು ಕೆ.ಆರ್. ಪುರದ ಆಚೆ ಎಲ್ಲೋ ಇದ್ದರು, ಬರುವುದು ಮಧ್ಯಾಹ್ನವಾಗುತ್ತದೆ ಎಂದರು. ಆಫೀಸಿಗೆ ಅಂದೇ ಕಂಪನಿಯ ದೊಡ್ಡವರು ಬರುವವರಿದ್ದರು. ಸಂಜೀವಪ್ಪ ಕರುವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಭಗವಂತರಾಯನಿಗೆ ಫೋನ್ ಮಾಡಿದ.

"ಅಮ್ಮನಿಗೆ ಭಾಳ ಸೀರಿಯಸ್ಸು ಸಾರ್. ಇವತ್ತೊಂದಿನ ಬಿಡಿ."

"ಇವತ್ತ ಆಗಲ್ಲೋ ತಮ್ಮಾ," ಎಂದ ಭಗವಂತರಾಯ. "ದೊಡ್ಡೋರು ಬರ್ಲಾಕತ್ತಾರ. ಮನ್ಯಾಗ ಯಾರರ ಸತ್ರಷ್ಟೇ ರಜಾ ಅಂತ ಹೇಳಿಬಿಟ್ಟಾರ ನನಗ."

ಅದೇ ಹೊತ್ತಿಗೆ ಸುಬ್ಬಿಯ ತಲೆ ಧೊಪ್ಪನೆ ನೆಲಕ್ಕೆ ಬಿತ್ತು. ಸಂಜೀವಪ್ಪನ ಗಂಟಲಿನಿಂದ ಒಂದು ಕೂಗು ಹೊರಟಿತು. ಆ ಕಡೆಯಿಂದ ಭಗವಂತರಾಯ ಗಾಬರಿಯಿಂದ, ಅವ್ವ ಹೋದ್ಳೇನೋ ಎಂದು ಕೇಳಿದ. ಇವನು ಅಳುತ್ತಲೇ ಹೂಂ ಸಾರ್ ಎಂದುಬಿಟ್ಟ.

ಫೋನ್ ಇಟ್ಟ ಮೇಲೆ ನೋಡಿದರೆ ಸುಬ್ಬಿಯ ಮೂಗಿನಲ್ಲಿ ಉಸಿರಿತ್ತು. ಆದರೆ ಸತ್ತವರು ಎದ್ದು ಕೂತರು ಎಂದು ಯಾವ ಆಫೀಸಿಗೆ ತಾನೆ ಮತ್ತೆ ಫೋನ್ ಮಾಡಲಾಗುತ್ತದೆ? ಸುಳ್ಳಿನ ಚಿಂತೆ ಆಮೇಲೆ ಮಾಡಿದರಾಯಿತೆಂದು ಅವನು ಸೀರೆ ಹೊದ್ದು ಅವಳ ಪಕ್ಕ ಕೂತ. ಉಮ್ಮೆ ಕುಲ್ಸುಂ ಗೋಣಿಚೀಲಗಳನ್ನು ತಂದಳು. ಇಬ್ಬರೂ ಸೇರಿ ಸುಬ್ಬಿಯನ್ನು ಎತ್ತಿ ಆನಿಸಿ ಕೂರಿಸಿದರು, ಕಾಲು ತಿಕ್ಕಿದರು. ಮಧ್ಯಾಹ್ನ ಡಾಕ್ಟರು ಬಂದು, ಇದು ಕರು ಹಾಕಿದ ಮೇಲೆ ಮೈಯಲ್ಲಿ ಸುಣ್ಣದ ಅಂಶ ಕಮ್ಮಿಯಾಗಿ ಬರುವ ಹಾಲುಜ್ವರ ಎಂದು ಹೇಳಿ, ಕತ್ತಿನ ನರಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಿದರು. ಸಂಜೆಯೊಳಗೆ ಎದ್ದರೆ ಬದುಕಿದಳು, ಇಲ್ಲದಿದ್ದರೆ ನನ್ನ ಕೈಯಲ್ಲಿ ಏನಿಲ್ಲ ಎಂದು ಹೊರಟರು.

ಅವರ ಬೈಕು ಸಂದಿಯ ತುದಿ ದಾಟುತ್ತಿದ್ದಂತೆ ಎದುರಿನಿಂದ ಒಂದು ಆಟೋ ಬಂತು. ಅದರಿಂದ ದೊಡ್ಡದೊಂದು ಹೂವಿನ ಹಾರ ಇಳಿಯಿತು. ಹಾರದ ಹಿಂದೆ, ದೊಡ್ಡವರನ್ನು ಕಳಿಸಿಕೊಟ್ಟು ಬಂದ ಭಗವಂತರಾಯ ಇಳಿದ. ಅವನ ಹಿಂದೆ ನರೇಶ್, ಸಂಜೀವಪ್ಪನ ಜೊತೆ ಮಾಪು ಹಿಡಿಯುವವನು.

ಯಶೋದಮ್ಮ ಬಾಗಿಲಲ್ಲಿ ನಿಂತಿದ್ದಳು. ಬೆಳಗಿನ ಫೋನಿನ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಹಾರ ನೋಡಿ ಅವಳು, ಹಸು ಇನ್ನೂ ಸಾಯುವ ಮೊದಲೇ ಆಫೀಸಿನವರು ಹಾರ ತರುತ್ತಾರೆಯೇ ಎಂದು ಬೆರಗಾದಳು. ಆದರೆ ಭಗವಂತರಾಯ ಕೈ ಮುಗಿದು, ನಿಮ್ಮ ಅತ್ತಿ ಹೋದದ್ದು ಕೇಳಿ ಸಂಕಟ ಆತು ತಂಗಿ ಎಂದಾಗ, ಗಂಡನ ಮುಖ ನೋಡಿದಳು. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಅಷ್ಟು ಸಾಕು. ಸರಕ್ಕನೆ ಒಳಗೆ ಹೋಗಿ, ಬುದ್ಧನ ಪಟದ ಪಕ್ಕದಲ್ಲಿದ್ದ ಅತ್ತೆಯ ಫೋಟೋ ಇಳಿಸಿದಳು. ಅದಕ್ಕೆ ಮೂರು ವರ್ಷದಿಂದ ನೇತಾಡುತ್ತಿದ್ದ ಪ್ಲಾಸ್ಟಿಕ್ ಹಾರವನ್ನು ಕಿತ್ತು ಅಕ್ಕಿ ಡಬ್ಬಿಯ ಹಿಂದೆ ಎಸೆದಳು. ಧೂಳು ಒರೆಸಿ, ಫೋಟೋವನ್ನು ಹೊರಗೆ ಚಪ್ಪರದ ಪಕ್ಕ ಕುರ್ಚಿಯ ಮೇಲೆ ಇಟ್ಟಳು. ಬಂದವರು ಹಾರ ಹಾಕಿದರು.

ಹೂವಿನ ಸೀರೆ ಹೊದ್ದು ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದ ಸಂಜೀವಪ್ಪನನ್ನು ಕಂಡು ನರೇಶ್, ಇವರ ಕಡೆ ಹೀಗೊಂದು ಪದ್ಧತಿ ಇರಬೇಕೆಂದು ಭಗವಂತರಾಯನ ಕಿವಿಯಲ್ಲಿ ಉಸುರಿದ. ತಾನೂ ಏನಾದರೂ ಹೊದೆಯಬೇಕೇ ಎಂದು ಮರ್ಯಾದೆಯಿಂದ ಕೇಳಿದ. ಭಗವಂತರಾಯನ ಕಣ್ಣು ಅಷ್ಟರಲ್ಲಿ ಸುಬ್ಬಿಯ ಮೇಲಿದ್ದ ಕರಿಕಂಬಳಿಯ ಮೇಲೆ ಬಿತ್ತು. ಸಂಜೀವಪ್ಪ ಸೆರಗನ್ನು ಅದರ ಮೇಲೆ ಎಳೆಯಲು ಹೋದ.

"ಅವ್ವನ ಕಂಬಳಿ ಆಕಳಿಗೆ ಹೊಚ್ಚೀಯೇನೋ," ಎಂದ ಭಗವಂತರಾಯ, ಒದ್ದೆ ದನಿಯಲ್ಲಿ. "ಚಲೋ ಮಾಡ್ದಿ. ಮೂಕ ಪ್ರಾಣಿ, ಅದಕ್ಕೂ ಆಕಿ ಇಲ್ಲಂತ ಗೊತ್ತಾಗಿ ಹಿಂಗ ಬಿದ್ದದ."

ಭಗವಂತರಾಯ ಆಮೇಲೆ ಉಮ್ಮೆ ಕುಲ್ಸುಂ ಕಡೆ ತಿರುಗಿ, ಅಜ್ಜಿ ಹೆಂಗ ಹೋದ್ರು ಎಂದು ಕೇಳಿದ. ಸಂಜೀವಪ್ಪ ಕಣ್ಣಲ್ಲೇ ಬೇಡಿಕೊಂಡ. ಉಮ್ಮೆ ಕುಲ್ಸುಂ ಐದು ಹೊತ್ತು ನಮಾಜು ಮಾಡುವವಳು, ಸುಳ್ಳು ಹೇಳುವವಳಲ್ಲ. ಆಕೆ ಕೂತು ನಿಧಾನವಾಗಿ ನಿಜವನ್ನೇ ಹೇಳಿದಳು. ಬೆಳಗ್ಗೆ ಎದ್ದು ಹಸುವಿಗೆ ನೀರಿಟ್ಟಿದ್ದು, ನಮ್ಮ ಮನೆಗೆ ಬಂದು ಚಹಾ ಕುಡಿದದ್ದು, ಗೋಡೆಗೊರಗಿ ಕೂತವಳು ಕೂತಂತೆಯೇ ಹೋಗಿಬಿಟ್ಟದ್ದು, ಕೈಯಲ್ಲಿ ಲೋಟ ಇನ್ನೂ ಬಿಸಿಯಾಗಿದ್ದದ್ದು. ಆರೋ ಮುಂಚೆ ದೀಪ ಒಮ್ಮಿ ಚಲೋ ಉರೀತದ ಎಂದು ಭಗವಂತರಾಯ ತಲೆಯಾಡಿಸಿದ. ಹೇಳುತ್ತಾ ಆಕೆಯೂ ಅತ್ತಳು. ತಾರೀಖನ್ನು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ಸಂಜೀವಪ್ಪ ಗೆದ್ದಂತೆಯೇ. ಬೇಸಿಗೆ ಅಲ್ಲವೇ, ಮಧ್ಯಾಹ್ನದ ಒಳಗೇ ಮಣ್ಣು ಮಾಡಿ ಬಂದೆವೆಂದು ಯಶೋದಮ್ಮ ಹೇಳಿ ಮುಗಿಸಿದ್ದಳು. ಆದರೆ ಭಗವಂತರಾಯನ ಊರ ಕಡೆ ಸಾವಿನ ಮನೆಗೆ ಬಂದವರು ಮಣ್ಣಿಗೆ ಹೋಗದೆ ತಿರುಗುವಂತಿಲ್ಲ. ಒಂದು ಹಿಡಿ ಮಣ್ಣು ಹಾಕಿಯೇ ಹೋಗುವುದು ಎಂದು ಅವನು ಸಂಜೀವಪ್ಪನನ್ನು ಆಟೋದಲ್ಲಿ ನಡುವೆ ಕೂರಿಸಿಕೊಂಡ. ಸುಬ್ಬಿಯನ್ನು ಆ ಸ್ಥಿತಿಯಲ್ಲಿ ಬಿಟ್ಟು, ಸೀರೆಯನ್ನೂ ಅಲ್ಲೇ ತೆಗೆದಿಟ್ಟು ಹೊರಡುವಾಗ ಸಂಜೀವಪ್ಪ ಹಿಂದಕ್ಕೆ ತಿರುಗಿ ತಿರುಗಿ ಚಪ್ಪರದ ಕಡೆಗೇ ನೋಡಿದ. ಇವನ ದುಃಖ ನೋಡಲಾಗದೆ ನರೇಶ್ ಮುಖ ತಿರುಗಿಸಿಕೊಂಡ.

ಕಲ್ಪಳ್ಳಿಯಲ್ಲಿ ತಾಯಿಯ ಗುಡ್ಡೆ ತಗ್ಗಿ ನೆಲಕ್ಕೆ ಸಮನಾಗಿತ್ತು. ಮೇಲೆ ಗರಿಕೆ ಬೆಳೆದಿತ್ತು. ಒಂದು ಕಲ್ಲು ಹಾಕಿಸಬೇಕೆಂದು ಮೂರು ವರ್ಷದಿಂದ ಅಂದುಕೊಂಡಿದ್ದ. ಭಾನುವಾರ ಬಂದರೆ ಹುಲ್ಲು ತರಬೇಕು, ಹಿಂಡಿ ತರಬೇಕು, ಮಗಳ ಕಾಲೇಜಿನ ಕೆಲಸ ಬೇರೆ, ಬಂದೇ ಇರಲಿಲ್ಲ. ಅದೃಷ್ಟಕ್ಕೆ ಪಕ್ಕದಲ್ಲೇ ಅಂದು ಬೆಳಗ್ಗೆಯಷ್ಟೇ ಮುಚ್ಚಿದ ಒಂದು ಹೊಸ ಗುಡ್ಡೆಯಿತ್ತು, ಮೇಲೆ ಹೂವು ಇನ್ನೂ ಬಾಡಿರಲಿಲ್ಲ. ಯಾರದೋ ಏನೋ. ಭಗವಂತರಾಯ ತಾನಾಗಿಯೇ ಅದರ ಮುಂದೆ ಹೋಗಿ ಚಪ್ಪಲಿ ಬಿಟ್ಟ.

ಅಲ್ಲೇ ನಿಂತು ತಲೆ ತಗ್ಗಿಸಿದ್ದರೆ ಸಾಕಿತ್ತು. ಆದರೆ ಸಂಜೀವಪ್ಪನ ಕಾಲು ಕೇಳಲಿಲ್ಲ. ಅವು ಗರಿಕೆಯ ಕಡೆಗೇ ಹೋದವು. ಅವನು ಅಲ್ಲಿ ಕುಸಿದು ಕೂತು, ನೆಲಕ್ಕೆ ಎರಡೂ ಕೈ ಊರಿ, ಮೂರು ವರ್ಷದ ಅಳುವನ್ನು ಅತ್ತ. ಬರ್ಲಿಲ್ಲ ಅಮ್ಮ, ಬರಕ್ಕಾಗ್ಲಿಲ್ಲ ಎಂದು ಹೇಳಿಕೊಂಡ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ದುಃಖದಲ್ಲಿ ಮನುಷ್ಯನಿಗೆ ದಿಕ್ಕೇ ತಿಳಿಯುವುದಿಲ್ಲ ಎಂದುಕೊಂಡು ಭಗವಂತರಾಯ ಅವನ ರಟ್ಟೆ ಹಿಡಿದು ಮೆಲ್ಲಗೆ ಎಬ್ಬಿಸಿದ. ಹೊಸ ಗುಡ್ಡೆಯ ಕಡೆ ತಿರುಗಿಸಿ ನಿಲ್ಲಿಸಿದ.

"ಇಲ್ಲಿ ಅದಾಳೋ ತಮ್ಮಾ. ಇಲ್ಲಿ."

ಸಂಜೀವಪ್ಪ ಗೊತ್ತಿಲ್ಲದವರ ಮೇಲೆ ಒಂದು ಹಿಡಿ ಮಣ್ಣು ಹಾಕಿದ. ಅತ್ತಾದ ಮೇಲೆ ಎದೆ ಒಂದಿಷ್ಟು ಹಗುರವಾಗಿತ್ತು, ಅದಕ್ಕಾಗಿ ಆ ಗೊತ್ತಿಲ್ಲದವರಿಗೂ ಮನಸ್ಸಿನಲ್ಲೇ ಕೈ ಮುಗಿದ.

ತಿರುಗಿ ಸಂದಿಗೆ ಬಂದಾಗ ಸೂರ್ಯ ಇಳಿದಿದ್ದ. ಚಪ್ಪರದ ಕೆಳಗೆ ಸುಬ್ಬಿ ನಾಲ್ಕು ಕಾಲ ಮೇಲೆ ನಿಂತಿದ್ದಳು. ಹಿಂದೆ ಸೆಗಣಿ ಹಾಕಿದ್ದಳು, ಕೆಳಗೆ ಕರು ಗುದ್ದಿ ಗುದ್ದಿ ಹಾಲು ಕುಡಿಯುತ್ತಿತ್ತು, ಮುಂದೆ ಅವಳು ಕುರ್ಚಿಯ ಮೇಲಿನ ಫೋಟೋಗೆ ಹಾಕಿದ್ದ ಹಾರವನ್ನು ಸಾವಧಾನವಾಗಿ ತಿನ್ನುತ್ತಿದ್ದಳು. ಫೋಟೋದಲ್ಲಿ ಅಮ್ಮ ನಗುತ್ತಿದ್ದಳು. ಸಂಜೀವಪ್ಪ ಓಡಿ ಹೋಗಿ ಸುಬ್ಬಿಯ ಕತ್ತು ತಬ್ಬಿಕೊಂಡ. ಎಲ್ಲ ಕಳೆಯಿತು, ಸುಬ್ಬಿಯೂ ಉಳಿದಳು, ಸುಳ್ಳೂ ಉಳಿಯಿತು ಎಂದು ಬೆಳಗಿನಿಂದ ಮೊದಲ ಸಲ ಉಸಿರು ಬಿಟ್ಟ.

ಹೊರಡುವ ಮುನ್ನ ಭಗವಂತರಾಯ ಅವನನ್ನು ಪಕ್ಕಕ್ಕೆ ಕರೆದ.

"ದುಃಖದಾಗ ಒಂದು ಚಲೋ ಸುದ್ದಿ ಹೇಳ್ತೀನಿ ಕೇಳು. ನಮ್ ಮಾರತ್ತಹಳ್ಳಿ ಬಿಲ್ಡಿಂಗಿಗೆ ಬೆಳಗಿನ ಐದರ ಪಾಳಿಗೆ ಒಬ್ಬ ಖಾಯಂ ಮನುಷ್ಯಾ ಬೇಕಂತ ಎಷ್ಟೋ ದಿನದಿಂದ ಕೇಳ್ಲಾಕತ್ತಿದ್ರು. ನಿನ್ನ ಹೆಸರೇ ಮ್ಯಾಲಿತ್ತು. ನಾನೇ ತಡದಿದ್ದೆ. ಅವನ ಮನ್ಯಾಗ ಜಡ್ಡಿನ ಅವ್ವ ಅದಾಳ, ಮುಂಜಾನೆ ಆಕಿನ್ನ ನೋಡ್ಕೋಬೇಕು, ಅವನಿಗೆ ಹತ್ತರ ಪಾಳೀನೇ ಇರ್ಲಿ ಅಂತ ಮೂರು ವರ್ಷ ಹೇಳ್ಕೋತ ಬಂದೆ. ಇನ್ನ ನಿನಗ ಆ ಬಂಧನ ಇಲ್ಲ. ಇವತ್ತ ದೊಡ್ಡೋರ ಮುಂದ ನಿನ್ನ ಹೆಸರು ಹೇಳಿ ಸಹಿ ಮಾಡ್ಸೀನಿ. ಸೋಮವಾರದಿಂದ ಹೋಗು."

ನರೇಶ್ ಬಂದು ಕೈ ಕುಲುಕಿದ. ಖಾಯಂ ಎಂಬ ಮಾತು ಕೇಳಿ ಯಶೋದಮ್ಮನ ಮುಖ ಒಂದು ಗಳಿಗೆ ಅರಳಿತು. ಐದರ ಪಾಳಿ ಎಂಬುದು ತಲೆಗೆ ಹೋದೊಡನೆ ಬಾಡಿತು. ಸಂಜೀವಪ್ಪ ಬಾಯಿ ತೆರೆದ. ಏನೆಂದು ಹೇಳಬೇಕು? ಅಮ್ಮನಿಗೆ ಹುಷಾರಿಲ್ಲ ಎನ್ನಲೇ? ಈಗ ತಾನೆ ಭಗವಂತರಾಯನ ಎದುರೇ ಮಣ್ಣು ಹಾಕಿ ಬಂದಿದ್ದ. ತೆರೆದ ಬಾಯಿಯಿಂದ ಥ್ಯಾಂಕ್ಸ್ ಸಾರ್ ಎಂದ.

ಆಟೋ ಹೋದ ಮೇಲೆ ಯಶೋದಮ್ಮ, ಸುಬ್ಬಿಯನ್ನು ಮಾರುತ್ತೀರಾ ಎಂದು ಕೇಳುತ್ತಲೇ ಇದ್ದ ಕೆ.ಆರ್. ಪುರದ ದನದ ವ್ಯಾಪಾರಿಗೆ ನಾಳೆ ಫೋನ್ ಮಾಡಲೇ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಅವನು ಹೂವಿನ ಸೀರೆ ಹೊದ್ದು ಸುಬ್ಬಿಯ ಪಕ್ಕ ಹೋಗಿ ಕೂತ. ಸುಬ್ಬಿ ಸೆರಗನ್ನು ಮೂಸಿದಳು.

ಉಮ್ಮೆ ಕುಲ್ಸುಂ ಹಸುವಿಗೆಂದು ಗಂಜಿ ತಂದವಳು ಅವನನ್ನು ನೋಡಿ ನಿಂತಳು.

"ಯಾಕೋ ಬೇಟಾ ಅಳ್ತೀಯ? ಹಸು ಎದ್ಬಿಡ್ತಲ್ಲ."

"ಅಮ್ಮ ಹೋದ್ರು ಚಾಚಿ."

"ಹೋಗಿ ಮೂರು ವರ್ಷ ಆಯ್ತಲ್ಲೋ."

"ಇಲ್ಲ ಚಾಚಿ. ಮೂರು ವರ್ಷದಿಂದ ನಮ್ಮನ್ನ ಅವ್ರೇ ಕಾಯ್ತಾ ಇದ್ರು. ಇವತ್ತು ಬೆಳಗ್ಗೆ ಹೋದ್ರು."