ಸಾಹೇಬನ ಖಾಯಂ ವಿಳಾಸ

ವಿಮೆಯ ವಿಷಯ ನನಗೆ ಅಷ್ಟಾಗಿ ತಿಳಿಯದು, ನಾಯಿಗಳ ವಿಷಯ ಇನ್ನೂ ಕಡಿಮೆ. ಆದರೂ ಹೇಳಲು ಹೊರಟಿದ್ದೇನೆ. ತಿಳಿದವರು ಮನ್ನಿಸಬೇಕು.

ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್ ಬೆಳಿಗ್ಗೆ ಬಾಗಿಲು ತೆರೆದರೆ ಕಟ್ಟಡದ ಕಾರ್ಯದರ್ಶಿಯ ಚೀಟಿ ಅಂಟಿತ್ತು. ವಿಮೆ ಇಲ್ಲದ ನಾಯಿ ಸಂಜೆ ಐದರೊಳಗೆ ಕಟ್ಟಡ ಬಿಡಬೇಕು. ಕಾರ್ಯದರ್ಶಿ ಯಾರ ಹೆಸರನ್ನೂ ಹಾಕಿರಲಿಲ್ಲ, ಅಷ್ಟು ನಿಷ್ಪಕ್ಷಪಾತಿ. ಕಟ್ಟಡದಲ್ಲಿದ್ದದ್ದು ಒಂದೇ ನಾಯಿ, ಅಪ್ಪಟ ತಳಿಯೆಂದು ಬೈಂಡರ್ ದುಡ್ಡು ಕೊಟ್ಟು ತಂದಿದ್ದ ಸಾಹೇಬ.

ಬೈಂಡರ್ ವಿಮಾ ಕಚೇರಿಗೆ ಫೋನ್ ಮಾಡಿದ. ಅಪ್ಪಟ ತಳಿಗೆ ಕಾಯಿಲೆ ಜಾಸ್ತಿ, ಮುಖ್ಯರಸ್ತೆಯ ಮನೆಗೆ ಅಪಘಾತ ಜಾಸ್ತಿ. ಎರಡೂ ಸೇರಿದ ಕಂತನ್ನು ಕೇಳಿದವನೇ ಕೂರಲು ಕುರ್ಚಿ ಹುಡುಕಿದ.

ಮೇಲಿನ ಮನೆಯ ನಿವೃತ್ತ ಮಾಸ್ತರರು ಕರೆಯದೆಯೇ ಬಂದರು.

"ಕಂತ್ರಿ ಅಂತ ಬರೀರಿ. ವಿಳಾಸ ನಿಮ್ಮತ್ತೆ ಮನೇದು ಕೊಡಿ. ಆ ಗಲ್ಲೀಲಿ ಸೈಕಲ್ಲೂ ಉಸಿರು ಬಿಗಿಹಿಡಿದು ಹೋಗುತ್ತೆ."

"ಸುಳ್ಳಲ್ವಾ ಸಾರ್?"

"ಫಾರ್ಮ್ ತುಂಬೋದನ್ನ ಯಾರಾದ್ರೂ ಸುಳ್ಳು ಅಂತಾರೇನ್ರೀ?"

ತಪಾಸಣೆಗೆ ಮೂರು ಗಂಟೆಗೆ ವಿಮಾ ಕಂಪನಿಯ ವೈದ್ಯೆ ಅತ್ತೆಯ ಮನೆಗೇ ಬರುವವರಿದ್ದರು. ತಳಿಯ ಗುರುತು ಅಳಿಸಲು ಬೈಂಡರನ ಹೆಂಡತಿ ಕತ್ತರಿ ಹಿಡಿದಳು. ಬಾಲದ ಕುಚ್ಚು ಹೋಯಿತು, ಕಿವಿಯ ಕೂದಲೂ ಹೋಯಿತು. ಮಾಸ್ತರರು ಒಂದು ಪಕ್ಕಕ್ಕೆ ಇದ್ದಿಲಪುಡಿ ಬಳಿದರು. ಸಾಹೇಬ ಅರ್ಧ ಹೊಲಿದು ಬಿಟ್ಟ ದಿಂಬಿನಂತಾದ.

ನಾಯಿಯೆಂದರೆ ಬೆವರುವ ಅತ್ತೆ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದರು. "ಅಳಿಯಂದ್ರೇ, ಇದು ಕಚ್ಚಿದ್ರೆ ನಂಗೇನಾದ್ರೂ ವಿಮೆ ಇದ್ಯಾ?"

ವೈದ್ಯೆ ಬಂದವರೇ ಕೇಳಿದರು, "ನಾಯಿ ಎಲ್ಲಿ ಮಲಗುತ್ತೆ?"

"ನನ್ನ ಮಂಚದ ಮೇಲೇ," ಅತ್ತೆ ಕುರ್ಚಿಯಿಂದ ಇಳಿಯದೆಯೇ ಹೇಳಿದರು.

ವೈದ್ಯೆ ಅದನ್ನು ಬರೆದುಕೊಂಡು ಹಲ್ಲು ನೋಡಿದರು, ಪಂಜ ಒತ್ತಿದರು, ಬೆರಳಿಗೆ ಹತ್ತಿದ ಇದ್ದಿಲು ಒರೆಸಿಕೊಂಡು ನಕ್ಕರು. "ಇಷ್ಟೆಲ್ಲ ಯಾಕ್ರೀ ಮಾಡಿದ್ರಿ? ಇದು ಹುಟ್ಟಾ ಕಂತ್ರಿ. ಅಪ್ಪಟ ಅಂತ ಯಾರೋ ನಿಮಗೆ ಟೋಪಿ ಹಾಕಿದ್ದಾರೆ. ಇಂಥದ್ದಕ್ಕೆ ಮುಖ್ಯರಸ್ತೇಲಿದ್ರೂ ಕಂತು ಹಗುರವೇ. ಅಂದ ಹಾಗೆ, ವಿಳಾಸ ಇದೇ ತಾನೇ?"

ಒಂದು ಸುಳ್ಳಿಗೆ ನಕ್ಕವರು ಎರಡನೆಯದಕ್ಕೂ ನಗುತ್ತಾರೆಂಬ ಧೈರ್ಯ ಬೈಂಡರನಿಗೆ ಬರಲಿಲ್ಲ. ತಲೆಯಾಡಿಸಿದ.

ಐದಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಸಾಹೇಬನನ್ನೂ ವೈದ್ಯೆ ಅಲ್ಲೇ ಬರೆದುಕೊಟ್ಟ ಪಾಲಿಸಿಯನ್ನೂ ಹಿಡಿದು ಕಾರ್ಯದರ್ಶಿಯ ಮುಂದೆ ನಿಂತ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಭೇಷ್! ಎಲ್ಲ ಕ್ರಮವಾಗಿದೆ. ನಾಯಿಯ ಖಾಯಂ ವಾಸ, ನಿಮ್ಮ ಅತ್ತೆ ಮನೆ. ಒಂದು ವರ್ಷ ವಿಳಾಸ ಬದಲಿಸೋ ಹಾಗಿಲ್ಲ ಅಂತಲೂ ಕೆಳಗಿದೆ. ಮತ್ತೆ ಇಲ್ಲೇನ್ರೀ ಕೆಲಸ ಇದಕ್ಕೆ?"

ಮೆಟ್ಟಿಲಿಳಿದು ಬಂದ ಮಾಸ್ತರರು ಬೈಂಡರನ ಹೆಗಲು ತಟ್ಟಿದರು. "ನಿಜವಾದ ವಿಳಾಸಾನೇ ಕೊಡಬೇಕಿತ್ತು ಕಣ್ರೀ."

ಐದಕ್ಕೆ ಸರಿಯಾಗಿ ಸಾಹೇಬ ಕಟ್ಟಡ ಬಿಟ್ಟ. ಈಗ ಪಾಲಿಸಿಯಲ್ಲಿ ಬರೆದಂತೆಯೇ ಅತ್ತೆಯ ಮಂಚದ ಮೇಲೆ ಮಲಗುತ್ತಾನಂತೆ. ಅತ್ತೆ ಎಲ್ಲಿ ಮಲಗುತ್ತಾರೋ, ಅದು ನನಗೆ ಗೊತ್ತಿಲ್ಲ.